ಒಂದು ಯೋಧಸಂಘದ 90 ವರ್ಷಗಳು

ಸಂಘವೊಂದನ್ನು ಕಟ್ಟುವುದು ಕಷ್ಟ. ಕಟ್ಟಿದವರ ಕೈಯಿಂದ ಅದನ್ನು ಮುಂದಿನವರ ಕೈಗೆ ದಾಟಿಸುವುದು ಇನ್ನೂ ಕಷ್ಟ. ಶಾಲೆಗಾಗಿ, ವಾಚನಾಲಯಕ್ಕಾಗಿ, ನಾಡಹಬ್ಬಕ್ಕಾಗಿ ಊರೂರುಗಳಲ್ಲಿ ಸಂಘಗಳನ್ನು ಕಟ್ಟಿಕೊಂಡ ಗಡಿನಾಡಿನ ಹಿರಿಯರಿಗೆ ಈ ಮಾತನ್ನು ಯಾರೂ ಹೇಳಿಕೊಡಬೇಕಾದುದಿಲ್ಲ. ಅಧ್ಯಕ್ಷರಿಗೆ ವಯಸ್ಸಾಗುತ್ತದೆ, ಕಾರ್ಯದರ್ಶಿಯ ಹುದ್ದೆಗೆ ಮುಂದೆ ಬರುವವರಿಲ್ಲವಾಗುತ್ತಾರೆ, ಚಂದಾ ಪುಸ್ತಕದಲ್ಲಿ ಹೆಸರಿದ್ದವರು ಸಭೆಗೆ ಬರುವುದಿಲ್ಲ. ಇದು ನಮ್ಮಲ್ಲಿ ಮಾತ್ರ ಕಾಣುವ ವ್ಯಾಧಿಯೆಂದು ಭಾವಿಸಿ ಬೇಸರಪಡುವವರುಂಟು. ಅಂಥವರ ಅವಗಾಹನೆಗೆಂದು ದೂರದೇಶದ ಒಂದು ಸಂಘದ ಚರಿತ್ರೆಯನ್ನು ಇಲ್ಲಿ ನಿರೂಪಿಸಲು ಯತ್ನಿಸಿದ್ದೇನೆ. ಒಂದು ಕಾಲದಲ್ಲಿ ನಾಲ್ಕು ಲಕ್ಷಕ್ಕೂ ಮಿಕ್ಕು ಸದಸ್ಯರಿದ್ದ ಸಂಘ ಅದು. ರಾಷ್ಟ್ರಾಧ್ಯಕ್ಷರುಗಳು ಅದರ ಸದಸ್ಯರಾಗಿದ್ದರು. ಕಡೆಗೆ ಒಬ್ಬನೇ ಒಬ್ಬ ಸದಸ್ಯನುಳಿದು, ಅವನು ತೀರಿಕೊಂಡಂದು ಸಂಘವೂ ತೀರಿಹೋಯಿತು.

ಅಮೆರಿಕಾದ ಸಂಯುಕ್ತ ಸಂಸ್ಥಾನಗಳಲ್ಲಿ 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದ ವಿಷಯವನ್ನು ವಾಚಕರು ಶಾಲೆಯ ಪುಸ್ತಕಗಳಲ್ಲಿ ಓದಿರಬಹುದು. ಗುಲಾಮಗಿರಿಯನ್ನು ಉಳಿಸಿಕೊಳ್ಳಬೇಕೆಂದು ದಕ್ಷಿಣದ ಸಂಸ್ಥಾನಗಳು ಒಕ್ಕೂಟದಿಂದ ಬೇರೆಯಾದುವು. ಒಕ್ಕೂಟವನ್ನುಳಿಸಲು ಉತ್ತರದವರು ಶಸ್ತ್ರ ಹಿಡಿದರು. ಉತ್ತರದ ಸೈನ್ಯದಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಸೇವೆ ಸಲ್ಲಿಸಿದರು. ಅವರಲ್ಲಿ ಸುಮಾರು ಮೂರೂವರೆ ಲಕ್ಷ ಮಂದಿ ಗುಂಡೇಟಿನಿಂದಲೋ, ಅದಕ್ಕಿಂತ ಹೆಚ್ಚಾಗಿ ಶಿಬಿರಗಳ ರೋಗರುಜಿನಗಳಿಂದಲೋ ಮಡಿದರು. 1865ರ ಮೇ 23 ಮತ್ತು 24ರಂದು ವಾಷಿಂಗ್ಟನ್ ನಗರದ ರಾಜಬೀದಿಯಲ್ಲಿ ವಿಜಯೀ ಸೈನ್ಯದ ಭವ್ಯವಾದ ಮೆರವಣಿಗೆ ನಡೆಯಿತು. ಬಳಿಕ ಆ ಸಿಪಾಯಿಗಳೆಲ್ಲ ಹೊಲಗಳಿಗೆ, ಅಂಗಡಿಗಳಿಗೆ, ಗಿರಣಿಗಳಿಗೆ ಹಿಂದಿರುಗಿದರು.

ಹಿಂದಿರುಗಿದವರಿಗೆ ಊರು ಮೊದಲಿನಂತೆ ಕಾಣಲಿಲ್ಲ. ತೋಳು ಕಳೆದುಕೊಂಡವನಿಗೆ ಕೆಲಸವಿಲ್ಲ. ಸತ್ತವನ ಹೆಂಡತಿಮಕ್ಕಳಿಗೆ ಅನ್ನವಿಲ್ಲ. ಇವೆಲ್ಲಕ್ಕಿಂತ ಬೇರೆಯಾದ ಇನ್ನೊಂದು ಕೊರತೆಯೂ ಇತ್ತು. ಕಂಡುದನ್ನು ಹೇಳಿಕೊಂಡರೆ ತಿಳಿದುಕೊಳ್ಳುವವರು ಮನೆಯಲ್ಲಿರಲಿಲ್ಲ. ಅದೇ ಕೆಸರಿನಲ್ಲಿ ಮಲಗಿದ್ದ ಒಡನಾಡಿಗೆ ಮಾತ್ರ ಅದು ತಿಳಿಯುತ್ತಿತ್ತು.

ಇಲಿನಾಯ್ ಸಂಸ್ಥಾನದ ಹದಿನಾಲ್ಕನೆಯ ಕಾಲ್ದಳದಲ್ಲಿ ವೈದ್ಯನಾಗಿದ್ದ ಬೆಂಜಮಿನ್ ಸ್ಟೀಫನ್‌ಸನ್ ಎಂಬವನೂ ಅದೇ ದಳದ ಧರ್ಮಗುರುವಾಗಿದ್ದ ವಿಲಿಯಂ ರಟ್ಲೆಜ್ ಎಂಬವನೂ ಆಪ್ತಮಿತ್ರರು. ಯುದ್ಧ ಮುಗಿದ ಮೇಲೆ ಸಿಪಾಯಿಗಳದೊಂದು ಸಂಘವಾಗಬೇಕೆಂಬುದು ಇವರಿಬ್ಬರ ಹಂಬಲ. 1866ರ ಏಪ್ರಿಲ್ 6ರಂದು ಆ ಸಂಸ್ಥಾನದ ಡಿಕೇಟರ್ ಎಂಬ ಊರಿನಲ್ಲಿ ಅದರ ಮೊದಲನೆಯ ಶಾಖೆ ಆರಂಭವಾಯಿತು. ಸಂಘಕ್ಕೆ ಇಟ್ಟ ಹೆಸರು 'ಗ್ರ್ಯಾಂಡ್ ಆರ್ಮಿ ಆಫ್ ದಿ ರಿಪಬ್ಲಿಕ್', ಅಂದರೆ ಗಣರಾಜ್ಯದ ಮಹಾಸೇನೆ. ಬಂಧುತ್ವ, ದಾನ, ನಿಷ್ಠೆ ಎಂಬ ಮೂರು ಮಾತುಗಳು ಅದರ ಧ್ಯೇಯಸೂತ್ರಗಳಾದುವು. ಊರಿನ ಶಾಖೆಗೆ ಪೋಸ್ಟ್ ಎಂದು ಹೆಸರು. ಸಂಸ್ಥಾನದ ಮಟ್ಟದಲ್ಲೊಂದು ಮಂಡಲ. ಇಡೀ ದೇಶಕ್ಕೆ ವರ್ಷಕ್ಕೊಮ್ಮೆ ಕೂಡುವ ಮಹಾಸಭೆ. ಈ ಸಭೆಯನ್ನು ಅವರು ದಂಡಿನ ಮಾತಿನಲ್ಲಿ 'ಬೀಡು' ಎಂದೇ ಕರೆಯುತ್ತಿದ್ದರು. ಅದರ ಮುಖ್ಯಸ್ಥನು ಮಹಾದಂಡನಾಯಕ. 1861ರ ಏಪ್ರಿಲ್ 12ರಿಂದ 1865ರ ಏಪ್ರಿಲ್ 9ರ ನಡುವೆ ಒಕ್ಕೂಟದ ಪಕ್ಷದಲ್ಲಿ ಸೇವೆ ಮಾಡಿ ಗೌರವದಿಂದ ಬಿಡುಗಡೆ ಹೊಂದಿದವನಿಗೆ ಮಾತ್ರ ಸದಸ್ಯತ್ವ. ಈ ಕಡೆಯ ನಿಯಮವನ್ನು ವಾಚಕರು ನೆನಪಿನಲ್ಲಿಡಬೇಕು.

ಸಂಸ್ಥಾಪಕನ ಪಾಡೇನಾಯಿತು? ಅದೇ ವರ್ಷದ ಜುಲೈ ತಿಂಗಳಲ್ಲಿ ಸ್ಪ್ರಿಂಗ್‌ಫೀಲ್ಡಿನಲ್ಲಿ ಇಲಿನಾಯ್ ಮಂಡಲದ ಸಭೆ ಸೇರಿತು. ಮಂಡಲದ ನಾಯಕತ್ವ ದುಡಿದ ವೈದ್ಯನಿಗೆ ದೊರೆಯಲಿಲ್ಲ. ಯುದ್ಧದಲ್ಲಿ ಹೆಸರು ಮಾಡಿದ್ದ ಜನರಲ್ ಜಾನ್ ಪಾಮರನಿಗೆ ದೊರೆಯಿತು. ನವೆಂಬರ್ 20ರಂದು ಇಂಡಿಯಾನಾಪೊಲಿಸ್ ನಗರದಲ್ಲಿ ಮೊದಲನೆಯ ರಾಷ್ಟ್ರೀಯ ಬೀಡು ಕೂಡಿದಾಗಲೂ ಹಾಗೆಯೇ ಆಯಿತು. ಜನರಲ್ ಸ್ಟೀಫನ್ ಹರ್ಲ್‌ಬಟ್ ಮಹಾದಂಡನಾಯಕನಾದನು. ಸ್ಟೀಫನ್‌ಸನ್ನನಿಗೆ ಲೆಕ್ಕಪತ್ರ ನೋಡುವ ಕಾರ್ಯದರ್ಶಿಯ ಕೆಲಸ ಬಂದಿತು. ಕೆಲಕಾಲದ ಮೇಲೆ ಅದೂ ಅವನ ಕೈತಪ್ಪಿತು. 1871ರಲ್ಲಿ, ಐವತ್ತು ವರ್ಷ ತುಂಬುವ ಮೊದಲೇ, ಅವನು ತೀರಿಕೊಂಡನು. ಅಂದಿಗೆ ಅವನು ಹುಟ್ಟಿಸಿದ ಸಂಘವೂ ಸಾಯುವ ಸ್ಥಿತಿಯಲ್ಲಿತ್ತು. ವಾಷಿಂಗ್ಟನ್ನಿನಲ್ಲಿ ಅವನ ಸ್ಮಾರಕಸ್ತಂಭ ಎದ್ದುದು 1909ರಲ್ಲಿ. ಕಟ್ಟಿದವನು ಆಳಲು ಬಲ್ಲವನೇ ಆಗಿರುತ್ತಾನೆಂದು ಹೇಳಲಾಗದು. ಪ್ರಸಿದ್ಧರನ್ನು ತಲೆಯ ಮೇಲಿಟ್ಟುಕೊಳ್ಳದೆ ಹೊಸ ಸಂಘ ಬೆಳೆಯುವುದೂ ದುಸ್ತರ. ಆದರೂ ಅವನಿಗೊಂದು ಗೌರವದ ಪೀಠವನ್ನಾದರೂ ಉಳಿಸಬಹುದಾಗಿತ್ತು ಎಂದು ನನಗೆ ತೋರುತ್ತದೆ.

1868ರಿಂದ 1871ರವರೆಗೆ ಜಾನ್ ಲೋಗನ್ ಮಹಾದಂಡನಾಯಕ. ಸೇನಾನಿಯೂ ಹೌದು, ರಾಜಕಾರಣಿಯೂ ಹೌದು. ಯಾವುದು ಹೆಚ್ಚೆಂದು ಹೇಳುವುದು ಕಷ್ಟ. ಅವನ ಕಾಲದಲ್ಲಿ ಸಂಘವು ರಿಪಬ್ಲಿಕನ್ ಪಕ್ಷದ ಚುನಾವಣೆಯ ದಂಡಿನಂತಾಯಿತು. ಆದರೆ ಅವನು ಮಾಡಿದ ಒಂದು ಕೆಲಸ ಸಂಘಕ್ಕಿಂತಲೂ ದೀರ್ಘಾಯುವಾಯಿತು. 1868ರ ಮೇ 5ರಂದು ಅವನು ಹನ್ನೊಂದನೆಯ ಆಜ್ಞಾಪತ್ರವನ್ನು ಹೊರಡಿಸಿ, ಮೇ 30ರಂದು ಎಲ್ಲ ಶಾಖೆಯವರೂ ತಂತಮ್ಮ ಊರುಗಳಲ್ಲಿ ಮಡಿದ ಯೋಧರ ಸಮಾಧಿಗಳಿಗೆ ಹೂವೇರಿಸಬೇಕೆಂದು ತಿಳಿಸಿದನು. ಯುದ್ಧದಲ್ಲಿದ್ದವನೊಬ್ಬನು ಬದುಕಿರುವವರೆಗೆ ವರ್ಷವರ್ಷವೂ ಈ ಆಚರಣೆ ನಡೆದುಬರಲೆಂಬುದು ಆ ಪತ್ರದಲ್ಲಿ ಅವನು ವ್ಯಕ್ತಪಡಿಸಿದ ಆಶಯ. ಅದರಾಚೆಗೆ ಅವನ ಕಲ್ಪನೆ ಹೋಗಲಿಲ್ಲ.

ಇದೇ ಕಾಲದಲ್ಲಿ ಸಂಘವು ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡಿತು. 1869ರಲ್ಲಿ ಸದಸ್ಯರಲ್ಲಿ ಮೂರು ದರ್ಜೆಗಳನ್ನು ಏರ್ಪಡಿಸಿದರು: ಮೊದಲು ಹೊಸಬ, ಅನಂತರ ಸಿಪಾಯಿ, ಕೊನೆಗೆ ಅನುಭವೀ ಯೋಧ. ಒಂದೊಂದು ಮೆಟ್ಟಿಲಿಗೂ ಬೇರೆ ಬೇರೆ ವಿಧಿ, ಬೇರೆ ಬೇರೆ ಪ್ರತಿಜ್ಞೆ. ಮೆಟ್ಟಿಲೇರಿದಂತೆ ಹೆಚ್ಚು ಹಕ್ಕು. ಗುಪ್ತಸಂಘಗಳ ಆಡಂಬರವನ್ನು ನೋಡಿ ಮರುಳಾದವರು ಮಾಡಿದ ಯೋಜನೆ ಇದು. ನಾಲ್ಕು ವರ್ಷ ಬಂದೂಕು ಹೊತ್ತು, ಗಾಯಗೊಂಡು, ಬದುಕಿ ಬಂದ ರೈತನೊಬ್ಬನು ಸಂಘದ ಬಾಗಿಲಿಗೆ ಬಂದರೆ ಅವನಿಗೆ 'ನೀನಿನ್ನೂ ಹೊಸಬ' ಎಂದು ಹೇಳಿದರೆ ಅವನಿಗೇನೆನಿಸಬೇಡ! ಸೈನ್ಯದಲ್ಲಿ ಮೇಲಧಿಕಾರಿಗಳಿಗೆ ನಮಸ್ಕಾರ ಹೊಡೆದು ಸಾಕಾಗಿದ್ದವರು, ಊರಿನಲ್ಲಿಯೂ ಅದನ್ನೇ ಮಾಡಲು ಒಪ್ಪಲಿಲ್ಲ. ಜಗಳವಾಡಲಿಲ್ಲ, ರಾಜೀನಾಮೆ ಬರೆಯಲಿಲ್ಲ. ಸಭೆಗೆ ಬರುವುದನ್ನು ಬಿಟ್ಟರು. 1871ರಲ್ಲಿ ಈ ದರ್ಜೆಗಳನ್ನು ರದ್ದುಗೊಳಿಸಿದರೂ ಹೋದವರು ಹಿಂದಿರುಗಲಿಲ್ಲ. ಪಶ್ಚಿಮದ ಸಂಸ್ಥಾನಗಳಲ್ಲಿ ಮಂಡಲಗಳಿಗೆ ಮಂಡಲಗಳೇ ಹೆಸರಿಲ್ಲದಾದುವು. ಇಪ್ಪತ್ತು ಲಕ್ಷ ಯೋಧರ ದೇಶದಲ್ಲಿ, 1876ರ ಹೊತ್ತಿಗೆ, ಸಂಘದ ಸದಸ್ಯರು ಮೂವತ್ತು ಸಾವಿರವೂ ಇರಲಿಲ್ಲ.

ಇಂಥ ಸ್ಥಿತಿಯಿಂದ ಅದು ಹದಿನಾಲ್ಕು ವರ್ಷಗಳಲ್ಲಿ ಮತ್ತೆ ತಲೆಯೆತ್ತಿದುದು ಹೇಗೆಂಬುದೇ ಈ ಚರಿತ್ರೆಯ ಸ್ವಾರಸ್ಯವಾದ ಭಾಗ. ವಯಸ್ಸು ಒಂದು ಕಾರಣ. ಇಪ್ಪತ್ತೈದರ ತರುಣನಿಗೆ ಮರೆಯಬೇಕೆನಿಸಿದ ಯುದ್ಧ ನಲವತ್ತರ ಗೃಹಸ್ಥನಿಗೆ ನೆನೆಯಬೇಕೆನಿಸುತ್ತದೆ. ರಾಜಕೀಯದ ಗದ್ದಲ ಕಡಿಮೆಯಾದುದು ಮತ್ತೊಂದು ಕಾರಣ. ಆದರೆ ಮುಖ್ಯವಾದುದು, ಸಾಮಾನ್ಯ ಸದಸ್ಯನಿಗೆ ಮಾಡಲು ಕೆಲಸ ದೊರೆತುದು.

ಆ ಕಾಲದ ಪೋಸ್ಟಿನ ಸಭಾಮಂದಿರವನ್ನು ವಾಚಕರು ಊಹಿಸಿಕೊಳ್ಳಲಿ. ಊರಿನ ಯಾವನೋ ಮಡಿದ ಸಿಪಾಯಿಯ ಹೆಸರೇ ಆ ಪೋಸ್ಟಿಗೆ. ಗೋಡೆಯ ಮೇಲೆ ಧ್ವಜ, ಚಿತ್ರಗಳು, ಹಳೆಯ ಕತ್ತಿಗಳು. ನಾಯಕನಿಗೊಂದು ಪೀಠ, ಹಿರಿಯ ಮತ್ತು ಕಿರಿಯ ಉಪನಾಯಕರಿಗೆ, ಧರ್ಮಗುರುವಿಗೆ, ವೈದ್ಯನಿಗೆ, ಉಗ್ರಾಣದವನಿಗೆ, ಬಾಗಿಲು ಕಾಯುವವನಿಗೆ ಒಂದೊಂದು ಸ್ಥಾನ. ಪದವಿಗಳು ಚುನಾವಣೆಯಿಂದ ಬರುತ್ತಿದ್ದುದರಿಂದ ಯುದ್ಧದಲ್ಲಿ ಕರ್ನಲನಾಗಿದ್ದವನು ಬೆಂಚಿನ ಮೇಲೆ ಕುಳಿತು, ಅವನ ಕೈಕೆಳಗೆ ಸಿಪಾಯಿಯಾಗಿದ್ದ ಬಡಗಿ ಅಧ್ಯಕ್ಷತೆ ವಹಿಸುವುದು ಅಸಾಧ್ಯವಾಗಿರಲಿಲ್ಲ. ಪರಸ್ಪರ ಕರೆಯುವುದು 'ಕಾಮ್ರೇಡ್' ಎಂದು, ಅಂದರೆ ಒಡನಾಡಿ. ಈ ಪದಕ್ಕೆ ಅಲ್ಲಿ ಇನ್ನಾವ ಅರ್ಥವೂ ಇರಲಿಲ್ಲ. ಹೊಸಬನನ್ನು ಸೇರಿಸಿಕೊಳ್ಳುವಾಗ ಬಿಳಿಯ ಮತ್ತು ಕಪ್ಪು ಗುಂಡುಗಳನ್ನು ಪೆಟ್ಟಿಗೆಯಲ್ಲಿ ಹಾಕಿ ಮತ ನೀಡುತ್ತಿದ್ದರು. ಎದೆಯ ಮೇಲೆ ತೊಡುವ ನಕ್ಷತ್ರಾಕಾರದ ಬಿಲ್ಲೆಯನ್ನು ಶತ್ರುಗಳಿಂದ ವಶಪಡಿಸಿಕೊಂಡ ಫಿರಂಗಿಗಳ ಕಂಚಿನಿಂದ ಎರಕ ಹೊಯ್ದಿದ್ದರು. ಕೆಲವು ಸಂಜೆ 'ಶಿಬಿರಾಗ್ನಿ' ಎಂಬ ಕೂಟ: ದಂಡಿನ ಕಾಲದ ಗಟ್ಟಿ ಬಿಸ್ಕತ್ತು, ಹುರುಳಿಯ ಅಡುಗೆ, ಕಾಫಿ, ಹಾಡು, ಹರಟೆ. ಒಂದೇ ಕಾಳಗದ ಕಥೆಯನ್ನು ಹತ್ತು ಸಲ ಹೇಳಿದರೂ ಬೇಸರಪಡದ ಶ್ರೋತೃಗಳು ಅಲ್ಲಿ ಮಾತ್ರ ದೊರೆಯುತ್ತಿದ್ದರು!

ಇದರ ಜೊತೆಗೆ ಪರಿಹಾರನಿಧಿ. ಯಾವ ಒಡನಾಡಿ ಹಾಸಿಗೆ ಹಿಡಿದಿದ್ದಾನೆ, ಯಾವ ವಿಧವೆಯ ಮನೆಗೆ ಚಳಿಗಾಲದ ಕಲ್ಲಿದ್ದಲು ಬೇಕು, ಯಾರ ಶವಸಂಸ್ಕಾರಕ್ಕೆ ಹಣವಿಲ್ಲ ಎಂಬುದನ್ನು ಸಭೆಯಲ್ಲಿ ವಿಚಾರಿಸಿ, ಇಬ್ಬರು ಮೂವರನ್ನು ನೋಡಿಬರಲು ಕಳುಹಿಸುತ್ತಿದ್ದರು. ಭಾಷಣ ಬಾರದವನೂ ರೋಗಿಯ ಬಳಿ ರಾತ್ರಿ ಕುಳಿತಿರಬಲ್ಲನು. ದೊಡ್ಡವರ ಹೆಸರಿನಿಂದ ಒಮ್ಮೆ ಬೆಳೆದು ಬಿದ್ದ ಸಂಘ, ಇಂಥ ಚಿಕ್ಕ ಕೆಲಸಗಳಿಂದ ಮತ್ತೆ ಬೆಳೆಯಿತು. 1882ರಲ್ಲಿ ಮಹಾದಂಡನಾಯಕನಾಗಿ ಆಯ್ಕೆಯಾದ ನೆಬ್ರಾಸ್ಕಾದ ಪಾಲ್ ವಾಂಡರ್‌ವೋರ್ಟ್ ಆ ಪದವಿಗೇರಿದ ಮೊದಲನೆಯ ಸಾಮಾನ್ಯ ಸಿಪಾಯಿ. ಅವನಿಗೆ ಮೊದಲು ಆ ಪೀಠದಲ್ಲಿ ಕುಳಿತವರೆಲ್ಲ ಅಧಿಕಾರಿಗಳು. ಆ ವರ್ಷಗಳಲ್ಲಿ ಸದಸ್ಯರ ಸಂಖ್ಯೆ ದಾಪುಗಾಲು ಹಾಕಿ ಏರಿತು. ಆ ಹೊತ್ತಿಗೆ ಮಹಾದಂಡನಾಯಕನ ಪದವಿ ವರ್ಷಕ್ಕೊಬ್ಬನಂತೆ ಬದಲಾಗುವ ಪದ್ಧತಿಯೂ ನೆಲೆಗೊಂಡಿತ್ತು. ಲೋಗನ್ನನಂತೆ ಮೂರು ವರ್ಷ ಬೇರೂರುವ ಅವಕಾಶ ಯಾರಿಗೂ ಉಳಿಯಲಿಲ್ಲ. ಇದರಿಂದ ಧೋರಣೆಯಲ್ಲಿ ಸ್ಥಿರತೆ ಕಡಿಮೆಯಾಯಿತೆಂಬ ಆಕ್ಷೇಪಕ್ಕೆ ಎಡೆಯುಂಟು. ಆದರೆ ಒಬ್ಬನು ಹೋದರೆ ಸಂಘ ನಿಂತುಹೋಗುವ ಭಯ ಆಮೇಲೆ ಇರಲಿಲ್ಲ.

1883ರಲ್ಲಿ ಡೆನ್ವರ್ ನಗರದ ಬೀಡಿನ ಸಮಯದಲ್ಲಿ ಮಹಿಳಾ ಪರಿಹಾರದಳವು ಸಂಘದ ಸಹಾಯಕ ಸಂಸ್ಥೆಯಾಗಿ ಏರ್ಪಟ್ಟಿತು. ಯೋಧನ ಹೆಂಡತಿಯೋ ಮಗಳೋ ಆಗಿರಬೇಕೆಂಬ ನಿರ್ಬಂಧವನ್ನು ಈ ಮಹಿಳೆಯರು ಇಟ್ಟುಕೊಳ್ಳಲಿಲ್ಲ. ಗಂಡಸರ ಸಂಘ ಮಾಡಲಾರದೆ ಹೋದ ಔದಾರ್ಯವಿದು. ಅನೇಕ ಊರುಗಳಲ್ಲಿ ಪರಿಹಾರಕಾರ್ಯದ ದೊಡ್ಡ ಹೊರೆ ಅವರ ಹೆಗಲ ಮೇಲೆಯೇ ಇತ್ತು.

1890ರಲ್ಲಿ ಸಂಘದ ಸದಸ್ಯರ ಸಂಖ್ಯೆ 4,09,489. ಅದೇ ಅದರ ಪರಾಕಾಷ್ಠೆ. ಗ್ರ್ಯಾಂಟ್, ಹೇಯ್ಸ್, ಗಾರ್‌ಫೀಲ್ಡ್, ಹ್ಯಾರಿಸನ್, ಮೆಕಿನ್ಲಿ ಎಂಬ ಐವರು ರಾಷ್ಟ್ರಾಧ್ಯಕ್ಷರು ಈ ಸಂಘದ ಬಿಲ್ಲೆ ತೊಟ್ಟವರು. ಇಷ್ಟು ದೊಡ್ಡ ಸಂಖ್ಯೆಗೆ ಸೇವಾಮನೋಭಾವವೊಂದೇ ಕಾರಣವೆಂದರೆ ಸತ್ಯಕ್ಕೆ ಅಪಚಾರವಾದೀತು. ನಿವೃತ್ತಿವೇತನಕ್ಕಾಗಿ ಸಂಘವು ದೊಡ್ಡ ಹೋರಾಟ ನಡೆಸುತ್ತಿತ್ತು. 1887ರಲ್ಲಿ ರಾಷ್ಟ್ರಾಧ್ಯಕ್ಷ ಕ್ಲೀವ್‌ಲ್ಯಾಂಡ್ ಅಂಥದೊಂದು ಮಸೂದೆಯನ್ನು ತಳ್ಳಿಹಾಕಿದನು. ಮರುವರ್ಷದ ಚುನಾವಣೆಯಲ್ಲಿ ಸೋತನು. ಸೋಲಿಗೆ ಬೇರೆ ಕಾರಣಗಳೂ ಇದ್ದುವು. ಆದರೆ ಗೆದ್ದ ಹ್ಯಾರಿಸನ್ ಸಂಘದ ಸದಸ್ಯ. 1890ರ ಜೂನ್ 27ರ ಶಾಸನದಂತೆ, ಯುದ್ಧಕಾಲದಲ್ಲಿ 90 ದಿನ ಸೇವೆ ಮಾಡಿ ಈಗ ದುಡಿಯಲಾರದವನಾಗಿದ್ದರೆ ಸಾಕು, ಆ ಅಶಕ್ತತೆ ಯುದ್ಧದಿಂದ ಬಂದುದಾಗಿರಬೇಕಿಲ್ಲ, ಅವನಿಗೆ ವೇತನವುಂಟು. ಮೂರು ವರ್ಷಗಳಲ್ಲಿ ಕೇಂದ್ರ ಸರಕಾರದ ವೆಚ್ಚದಲ್ಲಿ ಸುಮಾರು ಐದರಲ್ಲೆರಡು ಪಾಲು ನಿವೃತ್ತಿವೇತನಕ್ಕೇ ಸಲ್ಲುವಂತಾಯಿತು. ಬೊಕ್ಕಸಕ್ಕೆ ಮುತ್ತಿಗೆ ಹಾಕಿದ ಸೇನೆಯೆಂದು ಪತ್ರಿಕೆಗಳವರು ಹಾಸ್ಯಮಾಡಿದರು. ಹಾಸ್ಯದಲ್ಲಿ ನಿಜಾಂಶವಿತ್ತು. ಆದರೆ ಬೇರಾವ ವೃದ್ಧಾಪ್ಯವೇತನವೂ ಇಲ್ಲದ ಆ ಕಾಲದಲ್ಲಿ ಮುದಿ ಸಿಪಾಯಿ ಇನ್ನೆಲ್ಲಿಗೆ ಹೋಗಬೇಕಿತ್ತೆಂಬುದನ್ನು ಅವರು ಹೇಳಲಿಲ್ಲ.

ಇನ್ನೊಂದು ಪರೀಕ್ಷೆಯೂ ಈ ಸಂಘಕ್ಕೆ ಬಂದಿತು. ಒಕ್ಕೂಟದ ಸೈನ್ಯದಲ್ಲಿ ಕಪ್ಪುಜನರ ರೆಜಿಮೆಂಟುಗಳೂ ಹೋರಾಡಿದ್ದುವು; ಅವರಿಗೂ ಸಂಘದಲ್ಲಿ ಸದಸ್ಯತ್ವವಿತ್ತು. ದಕ್ಷಿಣದ ಲೂಯಿಸಿಯಾನಾ ಮೊದಲಾದ ಕಡೆ ನೆಲೆಸಿದ್ದ ಬಿಳಿಯ ಸದಸ್ಯರು, ಕಪ್ಪುಜನರಿಗೆ ಪ್ರತ್ಯೇಕ ಮಂಡಲವನ್ನೇರ್ಪಡಿಸಬೇಕೆಂದು ಒತ್ತಾಯಿಸಿದರು. 1891ರ ಡೆಟ್ರಾಯಿಟ್ ಬೀಡು ಇದನ್ನು ತಿರಸ್ಕರಿಸಿತು. ಊರುಗಳ ಮಟ್ಟದಲ್ಲಿ ಪ್ರತ್ಯೇಕ ಶಾಖೆಗಳು ಬಹಳವಾಗಿಯೇ ಇದ್ದುವು. ಆದುದರಿಂದ ಇದನ್ನು ಪೂರ್ಣವಾದ ಜಯವೆನ್ನಲಾಗದು. ಆದರೂ ಆ ದೇಶದಲ್ಲಿ ಆ ಕಾಲದಲ್ಲಿ, ಇಬ್ಬರೂ ಒಂದೇ ಧ್ವಜದ ಕೆಳಗೆ ದುಡಿದವರೆಂದು ಬಹಿರಂಗವಾಗಿ ಹೇಳಿದ ಸಂಸ್ಥೆಗಳು ವಿರಳ.

ಈಗ ಮೊದಲು ಹೇಳಿದ ನಿಯಮಕ್ಕೆ ಬರೋಣ. 1865ರ ಏಪ್ರಿಲ್ 9ರ ಅನಂತರ ಹೊಸ ಸದಸ್ಯನು ಹುಟ್ಟಲಾರನು. ಸದಸ್ಯರು ಯುವಕರಾಗಿದ್ದಾಗ ಇದು ಯಾರ ಗಮನಕ್ಕೂ ಬಂದಿರಲಾರದು. 1890ರ ಬಳಿಕ ವರ್ಷವರ್ಷವೂ ಬೀಡಿನಲ್ಲಿ ಓದುವ ಮೃತರ ಪಟ್ಟಿ ಬೆಳೆಯತೊಡಗಿದಾಗ ಪ್ರಶ್ನೆ ತಾನಾಗಿಯೇ ಎದ್ದಿತು: ನಮ್ಮ ತರುವಾಯ ಯಾರು? ಮಕ್ಕಳು ಸಿದ್ಧರಿದ್ದರು. 1881ರಲ್ಲಿಯೇ ಪಿಟ್ಸ್‌ಬರ್ಗಿನಲ್ಲಿ ಆಗಸ್ಟಸ್ ಡೇವಿಸ್ ಎಂಬ ಸಂಘದ ಸದಸ್ಯನೊಬ್ಬನು 'ಯೋಧಪುತ್ರರು' ಎಂಬ ಸಂಸ್ಥೆಯನ್ನು ಆರಂಭಿಸಿದ್ದನು. ತಂದೆಯರು ಅದನ್ನು ಆಶೀರ್ವದಿಸಿದರು, ತಮ್ಮ ಮೆರವಣಿಗೆಗಳಲ್ಲಿ ಜೊತೆಗೆ ಕರೆದೊಯ್ದರು. ಸಮಾಧಿಗಳಿಗೆ ಹೂವೇರಿಸುವ ಕೆಲಸವನ್ನು, ಬೆನ್ನು ಬಗ್ಗದಾದಂತೆಲ್ಲ, ಮೆಲ್ಲಮೆಲ್ಲನೆ ಅವರಿಗೆ ಬಿಟ್ಟುಕೊಟ್ಟರು. ಆದರೆ ತಮ್ಮ ಸಂಘದೊಳಕ್ಕೆ ಅವರನ್ನು ಸೇರಿಸಿಕೊಳ್ಳಲಿಲ್ಲ. 1898ರಲ್ಲಿ ಸ್ಪೇನಿನೊಡನೆ ಯುದ್ಧವಾಗಿ ಹೊಸ ಯೋಧರು ಹಿಂದಿರುಗಿದಾಗ ಅವರಿಗೂ ಬಾಗಿಲು ತೆರೆಯಲಿಲ್ಲ. ಕೆಲಸವನ್ನು ಕೊಟ್ಟರು, ಪೀಠವನ್ನು ಕೊಡಲಿಲ್ಲ.

ಇದನ್ನು ಬರಿಯ ಹಟವೆಂದು ತಳ್ಳಿಹಾಕುವುದು ಸುಲಭ. ಅವರ ಕಡೆಯಿಂದಲೂ ನೋಡಬೇಕು. ಆ ಮಂದಿರದೊಳಗೆ ಕುಳಿತವನು ಇನ್ನೊಬ್ಬನಿಗೆ ವಿವರಿಸಬೇಕಾದುದೇನೂ ಇರಲಿಲ್ಲ. ಅದೇ ಆ ಕೂಟದ ಸುಖ. ಯುದ್ಧವನ್ನು ಕಾಣದ ಮಗನು ಬಂದು ಪಕ್ಕದಲ್ಲಿ ಕುಳಿತ ಕ್ಷಣವೇ ಅದು ಬೇರೊಂದು ಸಭೆಯಾಗುತ್ತಿತ್ತು. ಇದಕ್ಕೆ ಎದುರಾಗಿ ಮತ್ತೊಂದು ಉದಾಹರಣೆಯನ್ನೂ ಇಡಬೇಕು. ಮೊದಲನೆಯ ಮಹಾಯುದ್ಧದ ಅಮೆರಿಕನ್ ಯೋಧರು 1919ರಲ್ಲಿ ಪ್ಯಾರಿಸ್ ನಗರದಲ್ಲಿ ಅಮೆರಿಕನ್ ಲೀಜನ್ ಎಂಬ ಸಂಘವನ್ನು ಕಟ್ಟಿದರು. ಅವರ ನಿಯಮವೂ ಆರಂಭದಲ್ಲಿ ತಮ್ಮ ಯುದ್ಧಕ್ಕೆ ಮಾತ್ರ ಸೀಮಿತವಾಗಿತ್ತು. ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗಲೇ, 1942ರಲ್ಲಿ, ಅವರು ನಿಯಮವನ್ನು ತಿದ್ದಿ ಹೊಸ ಯೋಧರಿಗೆ ಬಾಗಿಲು ತೆರೆದರು. ಆ ಸಂಘ ಇಂದಿಗೂ ನಡೆಯುತ್ತಿದೆ. ಹಳಬರಿಗೆ ತಮ್ಮ ಮನೆಯಲ್ಲಿಯೇ ತಾವು ಅಲ್ಪಸಂಖ್ಯಾತರಾದೆವೆಂಬ ಕಸಿವಿಸಿ ಆಗಿರದೆ ಹೋಗಿರಲಾರದು. ಆಯ್ಕೆ ಇಷ್ಟೇ: ತಮ್ಮ ಸಂಘವನ್ನು ತಮ್ಮದಾಗಿಯೇ ಇಟ್ಟುಕೊಂಡು ತಮ್ಮೊಡನೆ ಒಯ್ಯುವುದು, ಇಲ್ಲವೆ ಅದು ತಮ್ಮದಲ್ಲದಂತಾಗಿ ಬದುಕುವುದನ್ನು ಕಣ್ಣಾರೆ ಕಾಣುವುದು. ನನ್ನ ಮನಸ್ಸು ಲೀಜನ್ನಿನವರ ಕಡೆಗೆ ಒಲಿಯುತ್ತದೆ. ಆದರೆ ಮುದಿ ಸಿಪಾಯಿಗಳ ಮೇಲೆ ಕಲ್ಲೆಸೆಯಲಾರೆ.

ಇಪ್ಪತ್ತನೆಯ ಶತಮಾನದಲ್ಲಿ ಪೋಸ್ಟುಗಳು ಒಂದೊಂದಾಗಿ ಮುಚ್ಚಿದುವು. ನಾಯಕ, ಉಪನಾಯಕ, ಧರ್ಮಗುರು ಎಂಬ ಪದವಿಗಳಿಗಿಂತ ಉಳಿದ ಸದಸ್ಯರೇ ಕಡಿಮೆಯಾದಾಗ ಒಬ್ಬನೇ ಎರಡು ಮೂರು ಪೀಠಗಳನ್ನು ತುಂಬಬೇಕಾಯಿತು. ಧ್ವಜ ಹೊರುವುದು, ವರದಿ ಬರೆಯುವುದು, ಮುದುಕರನ್ನು ಕೈಹಿಡಿದು ವೇದಿಕೆಗೆ ಕರೆತರುವುದು ಇವೆಲ್ಲ ಹೆಣ್ಣುಮಕ್ಕಳ ಮತ್ತು ಯೋಧಪುತ್ರರ ಪಾಲಿಗೆ ಬಂದುವು. ಆದರೂ ಬೀಡು ಮಾತ್ರ ವರ್ಷವೂ ಕೂಡುತ್ತಲೇ ಇತ್ತು.

1949ರ ಆಗಸ್ಟ್ ಕೊನೆಯಲ್ಲಿ ಎಂಬತ್ತಮೂರನೆಯ ಬೀಡು ಇಂಡಿಯಾನಾಪೊಲಿಸ್ ನಗರದಲ್ಲಿ ಕೂಡಿತು. ಮೊದಲನೆಯ ಬೀಡು ಕೂಡಿದ ಊರೇ ಅದು. ದೇಶದಲ್ಲೆಲ್ಲ ಉಳಿದಿದ್ದ ಸದಸ್ಯರು ಹದಿನಾರು ಮಂದಿ. ಬರಲು ಶಕ್ತರಾದವರು ಆರು ಮಂದಿ. ಎಲ್ಲರೂ ನೂರರ ಆಸುಪಾಸಿನವರು. ಅವರಲ್ಲೊಬ್ಬನಾದ ಜೋಸೆಫ್ ಕ್ಲೊವೀಸ್ ಲೂಯಿಸಿಯಾನಾದಲ್ಲಿ ಗುಲಾಮನಾಗಿ ಹುಟ್ಟಿದವನು. ಅಂಚೆ ಇಲಾಖೆಯವರು ಆ ಸಂದರ್ಭಕ್ಕೆಂದು ಮೂರು ಸೆಂಟಿನ ಚೀಟಿಯೊಂದನ್ನು ಹೊರಡಿಸಿದರು. ಅದೇ ಕಡೆಯ ಬೀಡೆಂದು ಎಲ್ಲರಿಗೂ ತಿಳಿದಿತ್ತು. ಆಗ ಮಹಾದಂಡನಾಯಕನಾಗಿದ್ದವನು ಆರೆಗಾನಿನ ಥಿಯೊಡೋರ್ ಪೆನ್‌ಲ್ಯಾಂಡ್. 1950ರಲ್ಲಿ ಅವನು ತೀರಿಕೊಂಡ ಮೇಲೆ ಆ ಪದವಿಗೆ ಯಾರೂ ಬರಲಿಲ್ಲ.

ಕಟ್ಟಕಡೆಗೆ ಉಳಿದವನು ಮಿನ್ನೆಸೋಟಾದ ಡುಲೂತ್ ನಗರದ ಆಲ್ಬರ್ಟ್ ವುಲ್ಸನ್. 1864ರಲ್ಲಿ ಹುಡುಗನಾಗಿ ಫಿರಂಗಿದಳವೊಂದರಲ್ಲಿ ನಗಾರಿ ಬಾರಿಸಲು ಸೇರಿದವನು, ಕಾಳಗವನ್ನು ಕಂಡವನಲ್ಲ. ನಾಲ್ಕು ಲಕ್ಷ ಜನರ ಸಂಘದ ಸರ್ವಸ್ವವೂ ಕೊನೆಗೆ ಆ ನಗಾರಿಯ ಹುಡುಗನೊಬ್ಬನಾಗಿ ಉಳಿಯಿತು. 1956ರ ಆಗಸ್ಟ್ 2ರಂದು ಅವನು ಮಡಿದಾಗ ಸಂಘವು ನಿಯಮದಂತೆ ಕೊನೆಗೊಂಡಿತು. ಅದರ ಕಾಗದಪತ್ರಗಳು ವಾಷಿಂಗ್ಟನ್ನಿನ ಕಾಂಗ್ರೆಸ್ ಗ್ರಂಥಾಲಯವನ್ನು ಸೇರಿದುವು. ಯೋಧಪುತ್ರರ ಸಂಸ್ಥೆಗೆ ಅದಕ್ಕೆ ಎರಡು ವರ್ಷ ಮೊದಲು, 1954ರಲ್ಲಿ, ಕಾಂಗ್ರೆಸ್ಸಿನ ಶಾಸನದಿಂದ ಮನ್ನಣೆ ದೊರೆತಿತ್ತು.

ಯುದ್ಧದಲ್ಲಿದ್ದವನೊಬ್ಬನು ಬದುಕಿರುವವರೆಗೆಂದು ಲೋಗನ್ ಎಣಿಸಿದ್ದ ಆಚರಣೆ, ವುಲ್ಸನ್ನನ ಮರಣದ ಮರುವರ್ಷದ ಮೇ 30ರಂದೂ ನಡೆಯಿತು, ಇಂದಿಗೂ ನಡೆಯುತ್ತಿದೆ. 1968ರ ಶಾಸನವೊಂದರಿಂದ, 1971ರಿಂದೀಚೆಗೆ, ಅದನ್ನು ಮೇ ತಿಂಗಳ ಕಡೆಯ ಸೋಮವಾರಕ್ಕೆ ಬದಲಾಯಿಸಿದ್ದಾರೆ. ಜನರಿಗೆ ಮೂರು ದಿನದ ರಜೆ ಒಟ್ಟಿಗೆ ಸಿಕ್ಕಲೆಂದು. ಯೋಧಪುತ್ರರ ಸಂಸ್ಥೆಯವರಿಗೆ ಇದು ಒಪ್ಪಿಗೆಯಾಗಿಲ್ಲ. ವಾರ ಯಾವುದೇ ಬರಲಿ, ಮೇ 30ನ್ನೇ ಮರಳಿ ಕೊಡಿರೆಂದು ಅವರು ಸರಕಾರವನ್ನು ಕೇಳುತ್ತಲೇ ಬಂದಿದ್ದಾರೆ.